ಬಳ್ಳಾರಿಯಲ್ಲಿ ಕಡಿಮೆ ಬಾಡಿಗೆಗೆ ಮನೆ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಾರೆ ಕೆಲಸ, ಜೀನ್ಸ್ ಹೊಲಿಗೆ, ಹಮಾಲಿ, ಮನೆಗೆಲಸ, ಹೋಟೆಲ್ ಕೆಲಸ, ಆಟೊ ಓಡಿಸುವುದು. ಹೀಗೆ ದುಡಿದು ಬಾಡಿಗೆ ಮನೆಯಲ್ಲಿ ಸಂಸಾರ ಮಾಡುವವರಿಗಾಗಿ ಈ ಪುಟ. ಹೆಚ್ಚಿನ ಮಾತು ಬಳ್ಳಾರಿ ನಗರದ್ದು. ಕಾನೂನು ಮತ್ತು ಯೋಜನೆಗಳ ವಿಷಯ ಕೊಪ್ಪಳ, ರಾಯಚೂರಿನವರಿಗೂ ಅಷ್ಟೇ ಅನ್ವಯಿಸುತ್ತದೆ.

ನಮ್ಮ ದುಡಿಮೆಗೆ ಎಷ್ಟು ಬಾಡಿಗೆಯ ಮನೆ ಹಿಡಿಯಬಹುದು?

ಬಾಡಿಗೆಯ ಅಂಕಿ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಆ ಮನೆಯಲ್ಲಿ ಇರಲು ತಿಂಗಳಿಗೆ ಒಟ್ಟು ಎಷ್ಟು ಬೀಳುತ್ತದೆ ಎಂದು ನೋಡಿ. ಬಾಡಿಗೆ, ಕರೆಂಟು, ನೀರು, ಕೆಲಸಕ್ಕೆ ಹೋಗಿಬರುವ ಖರ್ಚು, ಈ ನಾಲ್ಕನ್ನೂ ಕೂಡಿಸಿ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಬರೀ ಉದಾಹರಣೆಗೆ. ಊರೊಳಗೆ 4,500 ರೂಪಾಯಿಯ ಮನೆ. ಸ್ವಂತ ಮೀಟರ್ ಇರುವುದರಿಂದ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಕರೆಂಟು ಪುಕ್ಕಟೆ, ಕಾರ್ಪೊರೇಷನ್ನಿನ ನಲ್ಲಿ ನೀರಿದೆ, ಕೆಲಸಕ್ಕೆ ನಡೆದೇ ಹೋಗಬಹುದು. ಊರ ಹೊರಗೆ ಇನ್ನೊಂದು ಮನೆ, ಬಾಡಿಗೆ 3,000. ಅಲ್ಲಿ ಸಬ್ ಮೀಟರ್ ಕರೆಂಟಿಗೆ 450, ನೀರಿಗೆ 500, ಬೈಕಿನ ಪೆಟ್ರೋಲಿಗೆ 1,000, ತಡವಾದ ದಿನ ಆಟೊಗೆ ಅಂತ ತಿಂಗಳಿಗೆ 400. ಒಟ್ಟು 5,350 ಆಯಿತು. ಬಾಡಿಗೆ ಕಡಿಮೆ ಇದ್ದ ಮನೆಯೇ ದುಬಾರಿ ಬಿತ್ತು, ಅಲ್ವಾ?

ಮನೆಯ ಹೆಣ್ಣುಮಕ್ಕಳು ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವರಾದರೆ ಲೆಕ್ಕ ಬೇರೆಯಾಗುತ್ತದೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾದಾಗಿನಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ಬಸ್ ದಾರಿಯ ಮೇಲಿರುವ ದೂರದ ಮನೆ ಅಂಥವರಿಗೆ ನಿಜವಾಗಿಯೂ ಅಗ್ಗ. ಆದರೆ ರಾತ್ರಿ ಕೆಲಸ ಬಿಡುವ ಹೊತ್ತಿಗೆ ಬಸ್ ಇದೆಯೇ ಎಂದು ಮೊದಲೇ ವಿಚಾರಿಸಿ.

ಗೃಹಲಕ್ಷ್ಮಿಯ 2,000 ರೂಪಾಯಿ ಬಂದರೆ ಬಾಡಿಗೆ ಕಟ್ಟೋಣ ಎಂದುಕೊಂಡು ಮನೆ ಹಿಡಿಯಬೇಡಿ. ಆ ಹಣ ಕೆಲವು ತಿಂಗಳು ತಡವಾಗಿ ಬರುತ್ತದೆ. ಓನರ್ ಮಾತ್ರ ತಾರೀಕಿಗೆ ಸರಿಯಾಗಿ ಬಾಗಿಲಿಗೆ ಬರುತ್ತಾರೆ.

ಯಾವ ಏರಿಯಾದಲ್ಲಿ ಹುಡುಕಿದರೆ ಒಳ್ಳೆಯದು?

ಮೊದಲು ಕೆಲಸ ಎಲ್ಲಿದೆ ನೋಡಿ, ಆಮೇಲೆ ಏರಿಯಾ. ಗಾಂಧಿನಗರ, ಪಾರ್ವತಿ ನಗರದಂಥ ಕಡೆ ನಮ್ಮ ಕೈಗೆ ಎಟುಕುವ ಮನೆ ಸಿಗುವುದು ಕಷ್ಟ. ಕೌಲ್ ಬಜಾರ್, ಬಂಡಿಹಟ್ಟಿ, ಗುಗ್ಗರಹಟ್ಟಿ, ಮಿಲ್ಲರ್‌ಪೇಟೆ, ಅಂದ್ರಾಳ್ ಕಡೆ ದುಡಿಯುವ ಜನ ಜಾಸ್ತಿ. ಸಿಂಗಲ್ ರೂಮು, ಲೈನ್ ಮನೆ, ಶೀಟ್ ಮನೆ ಇಂಥ ಕಡೆಗೇ ಹೆಚ್ಚು. ಒಳ ಓಣಿಯ ಮನೆಗಿಂತ ಮೇನ್ ರೋಡಿನ ಮನೆಗೆ ಬಾಡಿಗೆ ಹೆಚ್ಚು. ಆಟೊ ಒಳಗೆ ಬರದಷ್ಟು ಸಣ್ಣ ಸಂದಿಯಾದರೆ ಇನ್ನೂ ಇಳಿಯುತ್ತದೆ. ಆದರೆ ಮನೆಯಲ್ಲಿ ಬಸುರಿ ಅಥವಾ ಕಾಯಿಲೆಯವರು ಇದ್ದರೆ ಆ ಸಂದಿಯ ಮನೆ ಬೇಡ. ರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ ಅವರನ್ನು ಹೊತ್ತುಕೊಂಡು ಬರಬೇಕಾಗುತ್ತದೆ.

ತೋರಣಗಲ್ಲು ಹಳ್ಳಿಯೇ ತಾನೇ, ಅಲ್ಲಿ ಅಗ್ಗ ಇರುತ್ತದೆ ಎಂದು ಕೆಲವರು ಹೋಗುತ್ತಾರೆ. ಉಕ್ಕಿನ ಕಾರ್ಖಾನೆಯ ಸುತ್ತ ಹೊರಗಿನಿಂದ ಬಂದ ಕಾರ್ಮಿಕರು ಬಹಳ. ರೂಮಿಗೆ ಯಾವಾಗಲೂ ಬೇಡಿಕೆ ಇರುತ್ತದೆ. ಹಳ್ಳಿ ಎಂದ ಮಾತ್ರಕ್ಕೆ ಬಾಡಿಗೆ ಕಡಿಮೆ ಎಂದು ತಿಳಿಯಬೇಡಿ.

ಬ್ರೋಕರ್ ಇಲ್ಲದೆ ಮನೆ ಸಿಗುತ್ತಾ?

ಸಿಗುತ್ತದೆ. ಕಡಿಮೆ ಬಾಡಿಗೆಯ ಮನೆಗಳು ಬ್ರೋಕರ್ ಕೈಗೆ ಬರುವುದೇ ಅಪರೂಪ. ಎಷ್ಟೋ ಮನೆಗೆ ಬೋರ್ಡ್ ಕೂಡ ಹಾಕಿರುವುದಿಲ್ಲ. ಒಬ್ಬರು ಖಾಲಿ ಮಾಡುವ ಮೊದಲೇ ಪಕ್ಕದವರ ಕಡೆಯವರು ಬಂದುಬಿಡುತ್ತಾರೆ. ಹಾಗಾಗಿ ಓಣಿಯ ಒಳಗೆ ನಡೆಯಬೇಕು, ಬಾಯಿಬಿಟ್ಟು ಕೇಳಬೇಕು.

ಯಾರನ್ನು ಕೇಳಬೇಕು? ಕಿರಾಣಿ ಅಂಗಡಿಯವರು, ಹಾಲು ಹಾಕುವವರು, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಗ್ಯಾಸ್ ಸಿಲಿಂಡರ್ ತರುವವರು, ಹಿಟ್ಟಿನ ಗಿರಣಿಯವರು. ಯಾವ ಮನೆ ಖಾಲಿ, ಯಾವ ಓನರ್ ಒಳ್ಳೆಯವರು, ಯಾವ ಮನೆಯಲ್ಲಿ ಬಾಡಿಗೆದಾರರು ಆರು ತಿಂಗಳೂ ನಿಲ್ಲುವುದಿಲ್ಲ, ಎಲ್ಲ ಇವರಿಗೆ ಗೊತ್ತಿರುತ್ತದೆ. ಸಂಜೆ ಕಟ್ಟೆ ಮೇಲೆ ಕೂತ ಹೆಂಗಸರನ್ನು ‘ಅಕ್ಕಾ, ಈ ಕಡೆ ಮನೆ ಖಾಲಿ ಐತೇನ್ರಿ?’ ಎಂದು ಕೇಳಿ. ಬಳ್ಳಾರಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ. ನಿಮಗೆ ಬರುವ ಮಾತಿನಲ್ಲಿ ಸಂಕೋಚವಿಲ್ಲದೆ ಕೇಳಿ.

ಬ್ರೋಕರ್ ಮೂಲಕವೇ ಹೋಗುವುದಾದರೆ ಕಮಿಷನ್ ಎಷ್ಟೆಂದು ಮನೆ ನೋಡುವ ಮೊದಲೇ ಮಾತಾಡಿ. ಮನೆ ತೋರಿಸಲಿಕ್ಕೇ ದುಡ್ಡು ಕೇಳಿದರೆ ಅವರನ್ನು ಬಿಟ್ಟುಬಿಡಿ.

ಮೊಬೈಲಿನಲ್ಲಿ ಮನೆ ಫೋಟೊ ನೋಡಿದೆವು. ಟೋಕನ್ ಕಳಿಸಿ ಎನ್ನುತ್ತಿದ್ದಾರೆ, ಕಳಿಸಬಹುದಾ?

ಬೇಡ. ಮನೆಯೊಳಗೆ ಕಾಲಿಡದೆ, ಓನರ್ ಮುಖ ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ‘ನಾನು ಮಿಲಿಟರಿಯಲ್ಲಿದ್ದೇನೆ, ಊರಲ್ಲಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಎನ್ನುವುದು ಹಳೆಯ ಮೋಸ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ಯಾವ ತಿಂಗಳಲ್ಲಿ ಹುಡುಕಿದರೆ ಚೌಕಾಶಿಗೆ ಅನುಕೂಲ?

ಆಷಾಢ. ಶಾಲೆ ಶುರುವಾಗುವ ಮೊದಲು, ಮೇ ಕೊನೆಯ ಹೊತ್ತಿಗೆ ಎಲ್ಲರೂ ಮನೆ ಹುಡುಕುತ್ತಿರುತ್ತಾರೆ. ಆಗ ಓನರ್ ಹೇಳಿದ್ದೇ ರೇಟು. ಆಷಾಢದಲ್ಲಿ ಮನೆ ಬದಲಿಸುವವರು ಕಡಿಮೆ, ಖಾಲಿ ಬಿದ್ದ ಮನೆ ಹಾಗೇ ಇರುತ್ತದೆ. ನಿಮಗೆ ತಿಂಗಳು ನೋಡುವ ರೂಢಿ ಇಲ್ಲದಿದ್ದರೆ ಆಗಲೇ ಹೋಗಿ ಕೇಳಿ. ರೂಢಿ ಇದ್ದರೂ ಆಷಾಢದಲ್ಲಿ ಮಾತು ಮುಗಿಸಿ, ಶ್ರಾವಣದಲ್ಲಿ ಹಾಲು ಉಕ್ಕಿಸಬಹುದು.

ಮನೆ ನೋಡಲು ಹೋದಾಗ ಏನೇನು ಗಮನಿಸಬೇಕು?

ಮೊದಲು ನೀರು. ಬಳ್ಳಾರಿಗೆ ಕುಡಿಯುವ ನೀರು ಮುಖ್ಯವಾಗಿ ತುಂಗಭದ್ರಾ ಕಾಲುವೆಯಿಂದ ಬರುತ್ತದೆ. ಅದನ್ನು ಅಲ್ಲೀಪುರದಂಥ ಕೆರೆಗಳಲ್ಲಿ ತುಂಬಿಟ್ಟುಕೊಂಡು ಊರಿಗೆ ಬಿಡುತ್ತಾರೆ. ನಲ್ಲಿಗೆ ದಿನಾ ನೀರು ಬರುತ್ತದೆ ಎಂದುಕೊಳ್ಳಬೇಡಿ. ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ, ರಾತ್ರಿ ಬರುತ್ತದೋ ಹಗಲೋ ಎಂದು ಓನರ್ ಬದಲು ಪಕ್ಕದ ಮನೆಯವರನ್ನು ಕೇಳಿ. ಆಮೇಲೆ ಸಂಪು ಎಷ್ಟು ದೊಡ್ಡದು, ಎಷ್ಟು ಮನೆಯವರು ಅದಕ್ಕೆ ಪಾಲುದಾರರು ಎಂದು ನೋಡಿ. ಆರು ಮನೆಗೆ ಒಂದು ಸಣ್ಣ ಸಂಪು ಇದ್ದರೆ ಬೇಸಿಗೆಯಲ್ಲಿ ನೀರಿನ ಜಗಳ ತಪ್ಪಿದ್ದಲ್ಲ. ಮೋಟಾರ್ ಹಾಕುವವರು ಯಾರು, ಅದರ ಕರೆಂಟ್ ಬಿಲ್ ಯಾರ ಮೇಲೆ ಎಂಬುದನ್ನೂ ಕೇಳಿಬಿಡಿ. ಬೋರ್ ನೀರಾದರೆ ಒಂದು ಗುಟುಕು ಕುಡಿದು ನೋಡಿ. ಉಪ್ಪಾಗಿದ್ದರೆ ಕುಡಿಯಲು ಕ್ಯಾನ್ ನೀರು ತರಬೇಕಾಗುತ್ತದೆ, ಅದೂ ತಿಂಗಳ ಖರ್ಚೇ.

ಆಮೇಲೆ ಬಿಸಿಲು. ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಶೀಟ್ ಮನೆಯನ್ನು ಬೆಳಗ್ಗೆ ಎಂಟಕ್ಕೆ ನೋಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಮಧ್ಯಾಹ್ನ ಎರಡಕ್ಕೆ ಹೋಗಿ, ಹತ್ತು ನಿಮಿಷ ಒಳಗೆ ಕೂತು ನೋಡಿ. ಮನೆಯಲ್ಲಿ ಕೂಸು ಅಥವಾ ವಯಸ್ಸಾದವರು ಇದ್ದರೆ ಆ ಕಾವು ಬರೀ ಅನನುಕೂಲವಲ್ಲ, ಜೀವಕ್ಕೇ ಕುತ್ತು. ಬಾಡಿಗೆ ಸ್ವಲ್ಪ ಹೆಚ್ಚಾದರೂ ಆರ್‌ಸಿಸಿ ಅಥವಾ ಹಳೆಯ ಮಣ್ಣಿನ ಮಾಳಿಗೆ ಮನೆ ಮೇಲು ಎಂದು ನಾನು ಹೇಳುತ್ತೇನೆ. ಮಾಳಿಗೆ ಮನೆ ತಂಪು. ಆದರೆ ಮಳೆಗಾಲದಲ್ಲಿ ಸೋರುತ್ತದೆಯೇ, ತೊಲೆಗಳಿಗೆ ಗೆದ್ದಲು ಹತ್ತಿದೆಯೇ, ಗೋಡೆ ಉಬ್ಬಿದೆಯೇ ಎಂದು ಕಣ್ಣಿಟ್ಟು ನೋಡಿ. ಶೀಟ್ ಮನೆಯೇ ಗತಿಯಾದರೆ ಎದುರುಬದುರು ಕಿಟಕಿ ಇರುವುದನ್ನು ಆರಿಸಿ. ಸೂರಿನ ಹೊರಗೆ ಸುಣ್ಣ ಬಳಿಯಲು ಓನರ್ ಒಪ್ಪಿಗೆ ಕೇಳಿಕೊಳ್ಳಿ. ಬಿಳಿ ಬಣ್ಣಕ್ಕೆ ಕಾವು ಕಡಿಮೆ ತಗಲುತ್ತದೆ.

ಶೌಚಾಲಯ ಎಷ್ಟು ಮನೆಗೆ ಒಂದು, ಒಳಗಿನಿಂದ ಚಿಲಕ ಇದೆಯೇ, ರಾತ್ರಿ ದೀಪ ಇದೆಯೇ ಎಂಬುದನ್ನು ಮನೆಯ ಹೆಂಗಸರೇ ಹೋಗಿ ನೋಡಲಿ. ಗಂಡಸರು ನೋಡಿ ಒಪ್ಪಿ ಬಂದ ಎಷ್ಟೋ ಮನೆಗಳಲ್ಲಿ ತೊಂದರೆ ಶುರುವಾಗುವುದೇ ಇಲ್ಲಿಂದ.

ಅಡ್ವಾನ್ಸ್ ಎಷ್ಟು ಕೊಡಬೇಕು? ಕಾನೂನಿನಲ್ಲಿ ಮಿತಿ ಇಲ್ಲವಾ?

ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆ ತಂದಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದು ಎಂದು ಅದು ಹೇಳುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾಯ್ದೆಯಾಗಿ ತಂದರಷ್ಟೇ ಅದಕ್ಕೆ ಬಲ ಬರುತ್ತದೆ. ಹಾಗಾಗಿ ಈಗ ನಡೆಯುವುದು ಮಾತುಕತೆಯೇ. ಆ ಎರಡು ತಿಂಗಳನ್ನು ನಿಮ್ಮ ಮಾತಿನ ಆಧಾರ ಮಾಡಿಕೊಳ್ಳಿ. ‘ಸರ್ಕಾರವೇ ಎರಡು ತಿಂಗಳು ಸಾಕು ಅಂದಿದೆ, ಮೂರರೊಳಗೆ ಮುಗಿಸಿರಿ ಅಣ್ಣಾ’ ಎಂದು ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಒಮ್ಮೆಗೇ ಕೊಡಲು ಆಗದಿದ್ದರೆ ಅರ್ಧ ಈಗ, ಅರ್ಧ ಮೂರು ತಿಂಗಳಲ್ಲಿ ಎಂದು ಕೇಳಿ. ಒಂಟಿಯಾಗಿರುವ ವಯಸ್ಸಾದ ಓನರುಗಳು ಇದಕ್ಕೆ ಬೇಗ ಒಪ್ಪುತ್ತಾರೆ. ಅವರಿಗೆ ದೊಡ್ಡ ಗಂಟಿಗಿಂತ ನೆಮ್ಮದಿಯ ಬಾಡಿಗೆದಾರರು ಬೇಕು.

ಎಷ್ಟೇ ಕೊಡಿ, ಬರಹದಲ್ಲಿ ಇರಲಿ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೂಲಿ ದುಡ್ಡು ಕೂಡಿಸಿ ಕೊಟ್ಟ ಅಡ್ವಾನ್ಸು ಮನೆ ಬಿಡುವಾಗ ‘ಕೊಟ್ಟೇ ಇಲ್ಲ’ ಎಂಬ ಮಾತಿಗೆ ಕರಗಿಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಫೋನ್‌ಪೇ ಅಥವಾ ಗೂಗಲ್‌ಪೇ ಮಾಡಿ, ‘ಮನೆ ಅಡ್ವಾನ್ಸ್’ ಎಂದು ಅಲ್ಲೇ ಬರೆಯಿರಿ. ನಗದು ಕೊಟ್ಟರೆ ಒಂದು ಹಾಳೆಯಲ್ಲಿ ತಾರೀಕು, ಮೊತ್ತ, ಓನರ್ ಸಹಿ ಹಾಕಿಸಿಕೊಳ್ಳಿ. ಪ್ರತಿ ತಿಂಗಳ ಬಾಡಿಗೆಗೂ ಒಂದು ಸಣ್ಣ ನೋಟ್‌ಬುಕ್ ಇಡಿ, ಓನರ್ ಕೈಯಲ್ಲೇ ಸಹಿ ಹಾಕಿಸಿ. ಓದು ಬರಹ ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಿ.

ಮನೆ ಹೊಕ್ಕ ದಿನವೇ ಗೋಡೆ, ನಲ್ಲಿ, ಬಾಗಿಲು, ಸ್ವಿಚ್ಚು ಎಲ್ಲದರ ಫೋಟೊ ತೆಗೆದು ಓನರಿಗೆ ವಾಟ್ಸಾಪ್‌ನಲ್ಲಿ ಕಳಿಸಿ. ಬಿಡುವಾಗ ಮೊದಲೇ ಒಡೆದಿದ್ದ ಸಿಂಕಿಗೆ ನಿಮ್ಮ ದುಡ್ಡು ಹಿಡಿಯುವಂತಿಲ್ಲ.

ಕರಾರು ಪತ್ರ ಮಾಡಿಸಲೇಬೇಕಾ? ಎಲ್ಲರೂ 11 ತಿಂಗಳೇ ಏಕೆ ಬರೆಸುತ್ತಾರೆ?

ಒಂದು ವರ್ಷಕ್ಕಿಂತ ಹೆಚ್ಚಿನ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಆ ಖರ್ಚು ತಪ್ಪಲಿ ಎಂದು 11 ತಿಂಗಳು ಬರೆಸುತ್ತಾರೆ. ಅದರಲ್ಲಿ ಮೋಸವೇನಿಲ್ಲ. ಇ-ಸ್ಟಾಂಪ್ ಕಾಗದದ ಮೇಲೆ ಮಾಡಿಸಿ. ಬಾಡಿಗೆ, ಅಡ್ವಾನ್ಸ್, ನೀರು ಕರೆಂಟಿನ ಲೆಕ್ಕ, ವರ್ಷಕ್ಕೆ ಎಷ್ಟು ಏರಿಕೆ, ಖಾಲಿ ಮಾಡಲು ಎಷ್ಟು ದಿನ ಮುಂಚೆ ಹೇಳಬೇಕು, ಇಷ್ಟು ಇದ್ದರೆ ಸಾಕು. ಗೊತ್ತಿಲ್ಲದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ. ‘ಕನ್ನಡದಲ್ಲಿ ಮಾಡಿಸಿರಿ’ ಎಂದು ಕೇಳಿ.

ಬಾಡಿಗೆ ಬೇಡ, ಲೀಸಿಗೆ ತಗೊಳ್ಳಿ ಎನ್ನುತ್ತಾರೆ. ತಗೊಳ್ಳಬಹುದಾ?

ದೊಡ್ಡ ಮೊತ್ತ ಒಮ್ಮೆಗೇ ಕೊಟ್ಟು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಪೂರ್ತಿ ಹಣ ವಾಪಸ್. ಕೇಳಲು ಚೆಂದ. ಆದರೆ ಆ ಹಣವನ್ನು ಬಂಗಾರ ಅಡವಿಟ್ಟು ಅಥವಾ ಬಡ್ಡಿಗೆ ತಂದು ಕೊಡುವುದಾದರೆ ಬಡ್ಡಿಯೇ ನಿಮ್ಮ ಬಾಡಿಗೆ. ಅದನ್ನು ಮೊದಲು ಲೆಕ್ಕ ಹಾಕಿ. ಓನರ್ ಆ ಮನೆಯ ಮೇಲೆ ಬ್ಯಾಂಕ್ ಸಾಲ ಮಾಡಿ ಕಟ್ಟದೇ ಇದ್ದರೆ ಬ್ಯಾಂಕು ಮನೆ ಹರಾಜು ಹಾಕುತ್ತದೆ. ಆಗ ನಿಮ್ಮ ಲಕ್ಷಗಳಿಗಾಗಿ ಕೋರ್ಟು ಅಲೆಯಬೇಕು. ಲೀಸಿಗೆ ಹೋಗುವುದೇ ಆದರೆ ಮನೆ ಯಾರ ಹೆಸರಲ್ಲಿದೆ ನೋಡಿ, ಅದರ ಮೇಲೆ ಸಾಲ ಇದೆಯೇ ಎಂದು ತೋರಿಸುವ ಋಣಭಾರ ಪತ್ರ (ಇ.ಸಿ.) ತೆಗೆಸಿ, ಕರಾರನ್ನು ನೋಂದಾಯಿಸಿ. ಇದಕ್ಕೆ ಓನರ್ ಒಪ್ಪದಿದ್ದರೆ ಕೈಬಿಡಿ.

ಬಾಡಿಗೆದಾರರಿಗೂ ಗೃಹಜ್ಯೋತಿ ಸಿಗುತ್ತಾ?

ಸಿಗುತ್ತದೆ. ಮನೆಯ ಮೀಟರಿನ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಿನಲ್ಲಿ ಇರುತ್ತದೆ) ನಿಮ್ಮ ಆಧಾರ್ ಜೋಡಿಸಿ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಇಲ್ಲೂ ಕರಾರು ಪತ್ರ ಕೆಲಸಕ್ಕೆ ಬರುತ್ತದೆ. ನಮ್ಮ ಮೂರೂ ಜಿಲ್ಲೆಗೆ ಕರೆಂಟ್ ಕೊಡುವುದು ಜೆಸ್ಕಾಂ. ಗೊಂದಲವಿದ್ದರೆ ಹತ್ತಿರದ ಜೆಸ್ಕಾಂ ಕಚೇರಿಯಲ್ಲಿ ಕೇಳಿ.

ಎರಡು ವಿಷಯ ಬಿಡಿಸಿ ಹೇಳುತ್ತೇನೆ. ಒಂದು, 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಲ್ಲ. ಆ ಮೀಟರಿನ ಹಿಂದಿನ ಸರಾಸರಿ ನೋಡಿ, ಅದರ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಮಿತಿ ಕಟ್ಟಿರುತ್ತಾರೆ. ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಬೇಸಿಗೆಯಲ್ಲಿ ಕೂಲರ್ ಹಾಕುವವರು ಇದನ್ನು ಗಮನದಲ್ಲಿಡಿ.

ಎರಡು, ನಾಲ್ಕು ಮನೆಗೆ ಒಂದೇ ಮೀಟರ್ ಇದ್ದರೆ ಯೋಜನೆಯ ಲಾಭ ನಿಮಗೆ ಮುಟ್ಟುವುದು ಕಷ್ಟ. ಎಲ್ಲರ ಬಳಕೆ ಕೂಡಿ 200 ದಾಟಿಬಿಡುತ್ತದೆ, ಓನರ್ ಸಬ್ ಮೀಟರ್ ನೋಡಿ ಯೂನಿಟ್ಟಿಗೆ ಇಷ್ಟೆಂದು ವಸೂಲು ಮಾಡುತ್ತಾರೆ. ಅಂಗಡಿಯ ಮೀಟರಿನಿಂದ ಲೈನ್ ಎಳೆದ ಮನೆಗೂ ಗೃಹಜ್ಯೋತಿ ಇಲ್ಲ, ಅದು ಮನೆಬಳಕೆ ಮೀಟರಿಗೆ ಮಾತ್ರ. ಅದಕ್ಕೇ ಮನೆ ನೋಡುವಾಗ ‘ಮೀಟರ್ ಬೇರೆ ಇದೆಯಾ?’ ಎಂದು ಕೇಳುವುದು ಬಾಡಿಗೆ ಕೇಳುವಷ್ಟೇ ಮುಖ್ಯ. ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಆ ನಂಬರಿಗೆ ಅಂಟಿಕೊಂಡಿದ್ದರೆ ಅದನ್ನು ತೆಗೆಸಿಕೊಡಲು ಓನರಿಗೆ ಹೇಳಿ.

ಜಾತಿ, ಧರ್ಮ ಕೇಳಿ ಮನೆ ಕೊಡುವುದಿಲ್ಲ ಎನ್ನುತ್ತಾರೆ. ಏನು ಮಾಡುವುದು?

ಇದು ನಮ್ಮೂರಲ್ಲಿ ನಡೆಯುತ್ತಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಹೆಸರು ಕೇಳಿದ ಮೇಲೆ ‘ನಿನ್ನೆ ತಾನೇ ಬೇರೆಯವರಿಗೆ ಕೊಟ್ಟೆವು’ ಎಂಬ ಉತ್ತರ ಬರುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನಾದರೂ ಒಂದು ಓಣಿಯಲ್ಲಿ, ಒಂದು ಮನೆಯಲ್ಲಿ ವಾಸಿಸದಂತೆ ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ದಲಿತ ಮತ್ತು ಬುಡಕಟ್ಟು ಕುಟುಂಬಗಳಿಗೆ 14566 ಸಹಾಯವಾಣಿ ಇದೆ. ಸಾಕ್ಷಿ ಬೇಕಾಗುತ್ತದೆ. ಯಾರ ಎದುರು ಏನು ಹೇಳಿದರು, ಯಾವ ದಿನ ಎಂದು ಬರೆದಿಟ್ಟುಕೊಳ್ಳಿ. ಧರ್ಮ ನೋಡಿ ನಿರಾಕರಿಸಿದರೆ ಈ ಕಾಯ್ದೆ ನೆರವಿಗೆ ಬರುವುದಿಲ್ಲ. ಅದು ದೊಡ್ಡ ಅನ್ಯಾಯ. ಮನೆ ಕೊಡುವ ಓನರುಗಳು ಯಾರಾದರೂ ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ: ಬಾಡಿಗೆ ಕಟ್ಟುತ್ತಾರಾ, ಮನೆ ಚೊಕ್ಕವಾಗಿ ಇಡುತ್ತಾರಾ ಎಂದಷ್ಟೇ ನೋಡಿ.

ಗಂಡ ಇಲ್ಲ, ಮಕ್ಕಳ ಜತೆ ಒಬ್ಬಳೇ ಇರಬೇಕು. ಮನೆ ಸಿಗುತ್ತಾ?

ತಡವಾಗಬಹುದು, ಆದರೆ ಸಿಗುತ್ತದೆ. ಓನರ್ ಕುಟುಂಬವೂ ಅದೇ ಕಟ್ಟಡದಲ್ಲಿ ಇರುವ ಮನೆ ನೋಡಿ. ನಿಮ್ಮ ಸ್ವಸಹಾಯ ಸಂಘದವರನ್ನು ಅಥವಾ ನೀವು ಕೆಲಸ ಮಾಡುವ ಮನೆಯ ಅಮ್ಮನನ್ನು ಜತೆಗೆ ಕರೆದುಕೊಂಡು ಹೋಗಿ, ಅವರ ಒಂದು ಮಾತಿಗೆ ಬೆಲೆ ಇರುತ್ತದೆ. ಕರಾರು ನಿಮ್ಮ ಹೆಸರಿನಲ್ಲೇ ಇರಲಿ, ಅಣ್ಣ ತಮ್ಮಂದಿರ ಹೆಸರಿನಲ್ಲಿ ಬೇಡ. ಯಾರಾದರೂ ತೊಂದರೆ ಕೊಟ್ಟರೆ 112, ಮಹಿಳಾ ಸಹಾಯವಾಣಿ 181.

ಓನರ್ ‘ನಾಳೆಯೇ ಖಾಲಿ ಮಾಡಿ’ ಎನ್ನುತ್ತಿದ್ದಾರೆ. ಬೀಗ ಹಾಕಿಬಿಟ್ಟರೆ?

ನಾಳೆಯೇ ಎಂದರೆ ಆಗುವುದಿಲ್ಲ. ಕರಾರು ಇಲ್ಲದೆ ತಿಂಗಳ ಬಾಡಿಗೆಗೆ ಇದ್ದರೂ 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ಬರಹದಲ್ಲಿ 15 ದಿನದ ನೋಟಿಸ್ ಕೊಡಬೇಕು. ಕರಾರಿನಲ್ಲಿ ಒಂದು ತಿಂಗಳೋ ಎರಡು ತಿಂಗಳೋ ಬರೆದಿದ್ದರೆ ಅದೇ ನಡೆಯುತ್ತದೆ. ನೋಟಿಸ್ ಮುಗಿದ ಮೇಲೂ ನೀವು ಬಿಡದಿದ್ದರೆ ಓನರ್ ಕೋರ್ಟಿಗೆ ಹೋಗಬೇಕೇ ಹೊರತು ಸಾಮಾನು ಹೊರಗೆ ಎಸೆಯುವಂತಿಲ್ಲ, ಬೀಗ ಹಾಕುವಂತಿಲ್ಲ. ಹಾಗೆ ಬಲವಂತವಾಗಿ ಹೊರಹಾಕಿದರೆ ಆರು ತಿಂಗಳೊಳಗೆ ಕೋರ್ಟಿನಲ್ಲಿ ಕೇಸು ಹಾಕಿ ಮನೆಯ ಸ್ವಾಧೀನ ಮರಳಿ ಕೇಳಬಹುದು.

ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ನೆ ಕೂಡಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯೂ ಇಲ್ಲ. ಸಹಾಯವಾಣಿ 15100.

ಈ ತಿಂಗಳು ಕೆಲಸ ಸಿಗಲಿಲ್ಲ. ಬಾಡಿಗೆ ಕಟ್ಟಲು ಆಗುವುದಿಲ್ಲ.

ತಾರೀಕು ದಾಟುವ ಮೊದಲೇ ನೀವೇ ಹೋಗಿ ಹೇಳಿ. ಅರ್ಧ ಕಟ್ಟಿ, ಉಳಿದದ್ದನ್ನು ಯಾವಾಗ ಕೊಡುತ್ತೀರಿ ಎಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಫೋನ್ ಎತ್ತದೆ ತಪ್ಪಿಸಿಕೊಂಡರೆ ಒಳ್ಳೆಯ ಓನರ್ ಕೂಡ ಕೆಟ್ಟವರಾಗುತ್ತಾರೆ. ದಿನದಿನಕ್ಕೂ ಏರುವ ಮೀಟರ್ ಬಡ್ಡಿಗೆ ಮಾತ್ರ ಕೈಹಾಕಬೇಡಿ. ಒಂದು ತಿಂಗಳ ಬಾಡಿಗೆಗೆ ತಂದ ಸಾಲ ಆರು ತಿಂಗಳ ಬಾಡಿಗೆಯನ್ನು ನುಂಗುತ್ತದೆ. ಸ್ವಸಹಾಯ ಸಂಘದಲ್ಲಿ ಕೇಳಿ.

ಆಶ್ರಯ ಮನೆ ಕಡಿಮೆಗೆ ಬಾಡಿಗೆಗೆ ಸಿಗುತ್ತಿದೆ. ಹೋಗಬಹುದಾ?

ಯೋಚನೆ ಮಾಡಿ. ಸರ್ಕಾರ ಕೊಟ್ಟ ಮನೆಯನ್ನು ಮಾರಬಾರದು, ಬೇರೆಯವರಿಗೆ ಕೊಡಬಾರದು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಪರಿಶೀಲನೆಗೆ ಬಂದಾಗ ಮೊದಲು ಬೀದಿಗೆ ಬೀಳುವವರು ನೀವೇ. ಹೋಗಲೇಬೇಕಾದರೆ ದೊಡ್ಡ ಅಡ್ವಾನ್ಸ್ ಕೊಡಬೇಡಿ.

ಸರ್ಕಾರವೇ ಬಾಡಿಗೆ ಮನೆ ಕೊಡುತ್ತದಾ?

2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೇ ಹಂತದಲ್ಲಿ ಕೈಗೆಟುಕುವ ಬಾಡಿಗೆ ಮನೆ ಎಂಬ ಒಂದು ಭಾಗವೇ ಇದೆ. ಆದರೆ ಅದನ್ನು ನಂಬಿ ಮನೆ ಹುಡುಕುವುದನ್ನು ನಿಲ್ಲಿಸಬೇಡಿ. ಸ್ವಂತ ಮನೆಗೆ ಅರ್ಜಿ ಹಾಕುವುದನ್ನೂ ಬಿಡಬೇಡಿ. ವರ್ಷದ ಆದಾಯ 3 ಲಕ್ಷದ ಒಳಗಿದ್ದು ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ಲದ ಕುಟುಂಬ ಆರ್ಥಿಕವಾಗಿ ದುರ್ಬಲ ವರ್ಗದಡಿ ಅರ್ಜಿ ಹಾಕಬಹುದು. ರಾಜ್ಯದ ವಸತಿ ಯೋಜನೆಗಳನ್ನು ರಾಜೀವ್ ಗಾಂಧಿ ವಸತಿ ನಿಗಮ ನೋಡಿಕೊಳ್ಳುತ್ತದೆ, ಕೊಳೆಗೇರಿಗಳ ಕೆಲಸ ಕೊಳಗೇರಿ ಅಭಿವೃದ್ಧಿ ಮಂಡಳಿಯದ್ದು. ಮಹಾನಗರ ಪಾಲಿಕೆಯಲ್ಲಿ ವಿಚಾರಿಸಿ, ಆದಾಯ ಮತ್ತು ಜಾತಿ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳಿ. ಮನೆ ಕೊಡಿಸುತ್ತೇನೆ ಎಂದು ದುಡ್ಡು ಕೇಳುವ ಏಜೆಂಟರನ್ನು ನಂಬಬೇಡಿ.

ಬೇರೆ ತಾಲ್ಲೂಕಿನಿಂದ ಬಂದಿದ್ದೇವೆ. ಪಡಿತರ, ವೋಟು, ಮಕ್ಕಳ ಶಾಲೆ?

ಊರಿನ ಕಾರ್ಡಿನಲ್ಲೇ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಪಡಿತರ ತೆಗೆದುಕೊಳ್ಳಬಹುದು. ವೋಟು ಬದಲಿಸಲು ನಮೂನೆ 8. ಸರ್ಕಾರಿ ಶಾಲೆಯವರು ಮಕ್ಕಳನ್ನು ವರ್ಷದ ನಡುವೆಯೂ ಸೇರಿಸಿಕೊಳ್ಳಬೇಕು, ಟಿಸಿ ತಡವಾಯಿತೆಂದು ವಾಪಸ್ ಕಳಿಸುವಂತಿಲ್ಲ.

ಮನೆ ಬಿಡುವಾಗ ಏನು ಮಾಡಬೇಕು?

ಬಿಡುವ ದಿನವನ್ನು ವಾಟ್ಸಾಪ್‌ನಲ್ಲಿ ಬರೆದು ತಿಳಿಸಿ. ಕೊನೆಯ ದಿನ ಮೀಟರ್ ರೀಡಿಂಗ್‌ನ ಫೋಟೊ ತೆಗೆಯಿರಿ. ಹೊಕ್ಕ ದಿನದ ಫೋಟೊಗಳನ್ನು ಎದುರಿಗಿಟ್ಟುಕೊಂಡು ಓನರ್ ಜತೆ ಮನೆ ಸುತ್ತಿ. ಬಣ್ಣ ಮಾಸಿದ್ದು, ಬಳಸಿ ಸವೆದದ್ದು ನಿಮ್ಮ ತಪ್ಪಲ್ಲ, ಒಡೆದದ್ದಕ್ಕೆ ಮಾತ್ರ ನೀವು ಹೊಣೆ. ಆದರೂ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಕೆಲವು ಕಡೆ ಇದೆ, ಅದನ್ನು ಮನೆ ಹಿಡಿಯುವಾಗಲೇ ಮಾತಾಡಿಕೊಂಡಿರಬೇಕು. ಅಡ್ವಾನ್ಸ್ ಕೈಗೆ ಬಂದ ಮೇಲೆ ಬೀಗದಕೈ ಕೊಡಿ. ಗೃಹಜ್ಯೋತಿಯಲ್ಲಿ ಹಳೆಯ ಆರ್‌ಆರ್ ನಂಬರಿನಿಂದ ನಿಮ್ಮ ಆಧಾರ್ ತೆಗೆಸಿ. ಇಲ್ಲದಿದ್ದರೆ ಹೊಸ ಮನೆಯ ಮೀಟರಿಗೆ ಅದು ಸೇರುವುದಿಲ್ಲ.